ಮುತ್ಯಾನ ಕಾಲಿನ ಫರಸಿ

ಮೇ ತಿಂಗಳ ಎರಡನೆಯ ಭಾನುವಾರ ಮಧ್ಯಾಹ್ನ, ಮಾವಿನಹಣ್ಣಿನ ಶೀಕರಣಿ ಉಂಡು ಅಪ್ಪಾಸಾಹೇಬ ಹಿಪ್ಪರಗಿಯವರು ಸೋಫಾದ ಮೇಲೆ ಅಡ್ಡಾಗಿದ್ದಾಗ ಅವರ ಮನೆಯ ನೆಲ ಸಿಡಿಯಿತು.

ಸಿಡಿಯಿತು ಎಂಬುದು ಉತ್ಪ್ರೇಕ್ಷೆಯಲ್ಲ. ಢಂ ಎಂದು ಸದ್ದಾಯಿತು. ಹಾಲ್‌ನ ನಡುಮಧ್ಯದ ನಾಲ್ಕು ಹೊಳೆಯುವ ಟೈಲ್ಸ್ ಎದುರುಬದುರು ತಲೆಯೆತ್ತಿ ಗುಡಾರದ ಹಾಗೆ ನಿಂತವು. ಅಪ್ಪಾಸಾಹೇಬರ ಹೆಂಡತಿ ತ್ರಿವೇಣಿ ಗ್ಯಾಸ್ ಸಿಲಿಂಡರ್ ಒಡೆಯಿತೆಂದು ಕೂಗಿಕೊಂಡರು. ಸೊಸೈಟಿಯ ಸೆಕ್ರೆಟರಿ ವಾಘಮೋಡೆ ಭೂಕಂಪವೆಂದು ಘೋಷಿಸಿ ಮೂರು ಮಹಡಿಯ ಜನರನ್ನೂ ಅಂಗಳಕ್ಕೆ ಇಳಿಸಿದರು. ಅರ್ಧ ಗಂಟೆ ಬಿಸಿಲಿನಲ್ಲಿ ನಿಂತ ಮೇಲೆ, ಬಿಸಿಲಿಗೆ ಹಿಗ್ಗಿ ಎದ್ದದ್ದು ೩೦೪ನೇ ನಂಬರಿನ ಮನೆಯ ಫರಸಿ, ಅಂದರೆ ನೆಲದ ಹಾಸು, ಮಾತ್ರ ಎಂದು ಗೊತ್ತಾಯಿತು. ಭೂಕಂಪವನ್ನಾದರೂ ಕ್ಷಮಿಸುತ್ತಿದ್ದ ಜನ ಅಪ್ಪಾಸಾಹೇಬರನ್ನು ಕ್ಷಮಿಸಲಿಲ್ಲ.

ಎದುರು ಮನೆಯ ಲಿಮಯೆ ಕಾಕಾ ಒಳಗೆ ಬಂದು ಬಿರುಕನ್ನು ಕೊಡೆಯ ತುದಿಯಿಂದ ಮುಟ್ಟಿ ನೋಡಿದರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರು ಅಭಿಪ್ರಾಯಗಳಲ್ಲಿ ಮಾತ್ರ ವ್ಯವಹರಿಸುತ್ತಿದ್ದರು.

“ಇದು ಈಗಿನ ಮಾಲು,” ಎಂದರು ಮರಾಠಿಯಲ್ಲಿ. “ಹಳೆಯ ವಾಡೆಗಳಲ್ಲಿ, ಆ ಅಂಗಳದ ದೊಡ್ಡ ಮನೆಗಳಲ್ಲಿ, ಸುಟ್ಟ ಮಣ್ಣಿನ ಫರಸಿ ಇರುತ್ತಿತ್ತು. ನೂರು ವರ್ಷವಾದರೂ ಒಂದೂ ಅಲುಗುತ್ತಿರಲಿಲ್ಲ. ಆದರೆ ಅದಕ್ಕೆಲ್ಲ ಮನೆತನ ಬೇಕು, ಅಪ್ಪಾಸಾಹೇಬ. ನಿಮ್ಮಂತೆ ನೌಕರಿಗೆಂದು ಬಂದವರಿಗೆ ಅದು ಹೇಗೆ ಗೊತ್ತಿರಬೇಕು?”

ಅಪ್ಪಾಸಾಹೇಬರು ಶಿವಾಜಿನಗರದ ಒಂದು ಕಚೇರಿಯಲ್ಲಿ ಹೆಡ್ ಕ್ಲರ್ಕ್. ಪುಣೆಗೆ ಬಂದು ಇಪ್ಪತ್ತಾರು ವರ್ಷವಾಗಿತ್ತು. ಈ ಇಪ್ಪತ್ತಾರು ವರ್ಷಗಳಲ್ಲಿ ಅವರಿಗೆ ಪೂರ್ವಜರಿದ್ದಾರೆಯೇ ಎಂದು ಯಾರೂ ಕೇಳಿರಲಿಲ್ಲ. ಇದ್ದರು. ಅಥಣಿ ಕಡೆಯ ಒಂದು ಹಳ್ಳಿಯಲ್ಲಿ, ಸೆಗಣಿ ಸಾರಿಸಿದ ನೆಲದ ಮೇಲೆ ಹುಟ್ಟಿ, ಅದೇ ನೆಲದ ಮೇಲೆ ತೀರಿಕೊಂಡಿದ್ದರು. ಅವರಲ್ಲಿ ಅತ್ಯಂತ ಪ್ರಸಿದ್ಧರಾದವರ ಹೆಸರು ಒಂದು ಎಮ್ಮೆಯ ಖಟ್ಲೆಯಲ್ಲಿ ಕೋರ್ಟಿನ ದಫ್ತರಕ್ಕೆ ಸೇರಿತ್ತು. ಇದನ್ನು ಲಿಮಯೆ ಕಾಕಾಗೆ ಹೇಳುವಂತಿರಲಿಲ್ಲ.

ಮುಂದಿನ ಭಾನುವಾರ ಅಪ್ಪಾಸಾಹೇಬರು ಗೌಂಡಿ ಹುಸೇನಪ್ಪನನ್ನು ಕರೆದುಕೊಂಡು, ಕೆಡವಿದ ವಾಡೆಗಳ ಮಾಲು ಮಾರುವ ಒಂದು ಅಂಗಡಿಗೆ ಹೋದರು. ಪುಣೆಯಲ್ಲಿ ಹಳೆಯ ವಾಡೆಯೊಂದು ನೆಲಕ್ಕೆ ಬಿದ್ದಾಗ ಅದರ ಬಾಗಿಲು ಯಾರದೋ ಬಂಗಲೆಗೂ ಕಂಬಗಳು ಯಾವುದೋ ಹೋಟೆಲಿಗೂ ಹೋಗುತ್ತವೆ. ಫರಸಿ ಮಾತ್ರ ಯಾರಾದರೊಬ್ಬ ಅಪ್ಪಾಸಾಹೇಬರು ಬರುವ ತನಕ ಮೂಲೆಯಲ್ಲಿ ಕಾಯುತ್ತದೆ.

ಹುಸೇನಪ್ಪ ಯಾದಗಿರಿ ಕಡೆಯವನು. ಇಪ್ಪತ್ತು ವರ್ಷಗಳಿಂದ ಪಿಂಪ್ರಿ-ಚಿಂಚವಾಡದಲ್ಲಿ ಬೇರೆಯವರ ಮನೆ ಕಟ್ಟುತ್ತ, ತಾನು ತಗಡಿನ ಪತ್ರಾಸಿನ ಮನೆಯಲ್ಲಿ ಇದ್ದವನು. ಒಂದೊಂದೇ ಫರಸಿಯನ್ನು ಕಿವಿಯ ಹತ್ತಿರ ಹಿಡಿದು ಬೆರಳಿನ ಗೆಣ್ಣಿನಿಂದ ಬಡಿದ.

“ಟಣ್ ಅಂದ್ರ ಗಟ್ಟಿ ಅದ ರೀ ಸಾಹೇಬ್ರ. ಡಬ್ ಅಂದ್ರ ಒಳಗ ಬಿರಕ ಅದ.”

ಅಪ್ಪಾಸಾಹೇಬರೂ ಒಂದನ್ನು ಬಡಿದು, ಅದು ಏನೂ ಅನ್ನದಿದ್ದಾಗ ತಾವೇ ಬಾಯಿಂದ “ಟಣ್” ಎಂದು ಅದನ್ನು ಆರಿಸಿದವುಗಳ ಸಾಲಿಗೆ ಇಟ್ಟರು. ಹುಸೇನಪ್ಪ ಅದನ್ನು ಮೆಲ್ಲಗೆ ತೆಗೆದು ಹಿಂದಿಟ್ಟ.

“ಇದು ಯಾವ ವಾಡೆಯದು?” ಎಂದು ಅಂಗಡಿಯವನನ್ನು ಕೇಳಿದರು.

“ಸಾಹೇಬ, ನಿಮಗೆ ಯಾವ ವಾಡೆಯದು ಬೇಕೋ ಹೇಳಿ. ಅದರದೇ ಇದು,” ಎಂದ ಅವನು.

ಮುನ್ನೂರ ಇಪ್ಪತ್ತು ಫರಸಿಗಳು ಟೆಂಪೋದಲ್ಲಿ ಬಂದಿಳಿದವು. ಲಿಫ್ಟು ಮನುಷ್ಯರಿಗೇ ಹೊರತು ಮಣ್ಣಿಗಲ್ಲ ಎಂದು ವಾಘಮೋಡೆ ತಡೆದದ್ದರಿಂದ ಎಲ್ಲವೂ ಮೆಟ್ಟಿಲು ಹತ್ತಿದವು. ಇಡುವ ಮೊದಲು ಅವು ನೀರು ಕುಡಿಯಬೇಕು, ಇಲ್ಲದಿದ್ದರೆ ಗಚ್ಚಿನ ನೀರನ್ನೆಲ್ಲ ಹೀರಿ ಸಡಿಲಾಗುತ್ತವೆ ಎಂದು ಹುಸೇನಪ್ಪ ಅವುಗಳನ್ನು ಬಚ್ಚಲುಮನೆಯ ಬಕೆಟ್ಟು ಡ್ರಮ್ಮುಗಳಲ್ಲೆಲ್ಲ ನೆನೆಹಾಕಿದ. ಮೂರು ದಿನ ಹಿಪ್ಪರಗಿ ದಂಪತಿಗಳು ಫರಸಿಗಳ ನಡುವೆ ಒಂಟಿಗಾಲಿನಲ್ಲಿ ನಿಂತು ಸ್ನಾನ ಮಾಡಿದರು.

“ನಿಮ್ಮ ಮುತ್ಯಾ ಹೆಂಡಿ ನೆಲದ ಮ್ಯಾಲ ನೂರಾ ಎರಡ ವರ್ಷ ಬದಕಿದ್ರು,” ಎಂದರು ತ್ರಿವೇಣಿ, ಮೊಣಕಾಲು ತಿಕ್ಕಿಕೊಳ್ಳುತ್ತ. “ನಾವು ಈ ಫರಸಿ ಹಾಕೂದ್ರಾಗ ಸಾಯತೀವಿ.”

ಹುಸೇನಪ್ಪನ ಹೆಂಡತಿ ಸಾಬವ್ವ ಮೆಟ್ಟಿಲ ಕಟ್ಟೆಯ ಮೇಲೆ ಕುಳಿತು, ಫರಸಿಗಳಿಗೆ ಅಂಟಿದ್ದ ಹಳೆಯ ಸುಣ್ಣವನ್ನು ಕೆರೆದು ತೆಗೆಯುತ್ತಿದ್ದಳು. ಗುರುವಾರ ಬೆಳಿಗ್ಗೆ ಅವಳು ಒಂದನ್ನು ಎತ್ತಿ ಹಿಡಿದು ಕೂಗಿದಳು: “ಏ ಬರ್ರಿ ಇಲ್ಲಿ! ಕೂಸಿನ ಕಾಲ ಮೂಡೈತಿ ಇದರಾಗ!”

ನಿಜ. ಫರಸಿಯ ನಡುವೆ ಪುಟ್ಟದೊಂದು ಹೆಜ್ಜೆ. ಹಿಮ್ಮಡಿ ಆಳವಾಗಿ, ಬೆರಳುಗಳು ಬಟಾಣಿಯ ಸಾಲಿನಂತೆ. ಎಲ್ಲರೂ ಬಗ್ಗಿ ನೋಡುತ್ತಿರುವಾಗ ಎದುರು ಬಾಗಿಲು ತೆರೆಯಿತು. ಲಿಮಯೆ ಕಾಕಾ ಹಾಲಿನ ಪಾಕೀಟು ಹಿಡಿದು ಬಂದು ತಾವೂ ಬಗ್ಗಿದರು.

“ಇದು ಎಲ್ಲಿಯದು?”

ನಿಜ ಹೇಳಲು ಬೇಕಾದದ್ದು ಎರಡೇ ಶಬ್ದ. ಅಪ್ಪಾಸಾಹೇಬರು ಬಾಯಿಯನ್ನೂ ತೆರೆದರು. ಆದರೆ ಕಾಕಾರ ಮುಖದ ಮೇಲೆ ಆ ಭಾನುವಾರ ‘ಮನೆತನ ಬೇಕು’ ಎಂದಾಗಿನ ನಗೆಯೇ ಇತ್ತು.

“ನಮ್ಮ ಹಿರಿಯರ ವಾಡೆಯದು. ಊರಿನಿಂದ ತರಿಸಿದೆ.”

ಸಾಬವ್ವನ ಕೆರೆಯುವ ಕೈ ನಿಂತಿತು. ಹುಸೇನಪ್ಪ ಕೈಯಲ್ಲಿದ್ದ ಗಾರೆ ಸವರುವ ಥಾಪಿಯನ್ನು ನೋಡಿಕೊಂಡ.

“ನಿಮಗೆ ವಾಡೆ ಇತ್ತೆ?”

“ಸಣ್ಣದು,” ಎಂದರು ಅಪ್ಪಾಸಾಹೇಬರು ವಿನಯದಿಂದ. “ಎರಡೇ ಅಂಗಳ.”

“ಮತ್ತೆ ಈ ಪಾದ?”

“ಅದು ನಮ್ಮ ಮುತ್ಯಾನದು, ಅಂದರೆ ನಮ್ಮ ಅಜ್ಜನದು. ಸಿದರಾಯ ಮುತ್ಯಾ. ಫರಸಿ ಇನ್ನೂ ಹಸಿ ಇದ್ದಾಗ ಅಂಗಳದಲ್ಲಿ ಓಡಿದ್ದರಂತೆ.”

ಲಿಮಯೆ ಕಾಕಾ ಕನ್ನಡಕ ತೆಗೆದರು, ಒರೆಸಿಕೊಂಡು ಹಾಕಿದರು. ಆಮೇಲೆ ಕಾಲಿನ ಚಪ್ಪಲಿಯನ್ನೂ ಬಿಟ್ಟರು.

ಕಾಕಾ ತಮ್ಮ ಮನೆಯೊಳಗೆ ಹೋದದ್ದೇ ಹುಸೇನಪ್ಪ ಗಂಟಲು ಸರಿಪಡಿಸಿಕೊಂಡ. “ಸಾಹೇಬ್ರ, ನಾವು ಅವತ್ತ ಅಂಗಡಿಂದ—”

“ಹುಸೇನಪ್ಪಾ, ಚಹಾ ಕುಡಿತಿಯೇನು?”

“ಕುಡಿತೀನ್ರಿ.”

“ಹಂಗಾರ ಬಾಯಿ ಅದಕ್ಕ ಇಟ್ಟಕೋ.”

ಮರುದಿನದಿಂದ ಫರಸಿಯ ಕೆಲಸಕ್ಕೆ ಲಿಮಯೆ ಕಾಕಾರ ಮೇಲ್ವಿಚಾರಣೆ ಶುರುವಾಯಿತು. ಪಾದದ ಫರಸಿ ಹಾಲ್‌ನ ನಟ್ಟನಡುವೆ ಬರಬೇಕೆಂದು ಎಲ್ಲರೂ ಒಪ್ಪಿದರು. ಆದರೆ ಬೆರಳು ಯಾವ ಕಡೆ? ಹೊರಗಡೆ ಮುಖವಾದರೆ ಹಿರಿಯರು ಮನೆ ಬಿಟ್ಟುಹೋದಂತೆ, ಒಳಮುಖವಾಗಿರಲಿ ಎಂದರು ಕಾಕಾ. ಒಳಗೆಂದರೆ ನೇರ ಬಚ್ಚಲುಮನೆ, ಮುತ್ಯಾ ಯಾವಾಗಲೂ ಅವಸರದಲ್ಲಿದ್ದಂತೆ ಕಾಣುತ್ತದೆ ಎಂದರು ತ್ರಿವೇಣಿ. ಹುಸೇನಪ್ಪ ಫರಸಿಯನ್ನು ನಾಲ್ಕು ದಿಕ್ಕಿಗೂ ತಿರುಗಿಸಿ, ಕೊನೆಗೆ ಟಿವಿಯ ಕಡೆ ಮುಖ ಮಾಡಿ ಕೂರಿಸಿದ. ಯಾರಿಗೂ ತಕರಾರಿರಲಿಲ್ಲ.

ಕೆಲಸ ಮಾತ್ರ ಚೆನ್ನಾಗಿ ಆಯಿತು, ಅದನ್ನು ಹೇಳಲೇಬೇಕು. ಸುಣ್ಣ, ಮರಳು, ಇಟ್ಟಿಗೆಪುಡಿ ಕಲಸಿದ ಗಚ್ಚಿನ ಮೇಲೆ ಹುಸೇನಪ್ಪ ದಾರ ಹಿಡಿದು ಸಾಲು ಕೂರಿಸಿದ. ಕೈಯಿಂದ ಮಾಡಿದ ಫರಸಿಗಳಾದ್ದರಿಂದ ಒಂದು ದಪ್ಪ, ಒಂದು ತೆಳು. “ಇವು ಕಂಪನಿ ಮಾಲ ಅಲ್ರಿ. ಒಂದೊಂದರ ಸ್ವಭಾವ ನೋಡಿ ಕೂಡಸಬೇಕು,” ಎನ್ನುತ್ತ ಕೆಳಗಿನ ಗಚ್ಚನ್ನು ಒಂದಕ್ಕೆ ಹೆಚ್ಚು, ಒಂದಕ್ಕೆ ಕಡಿಮೆ ಹಾಕಿದ. ಒಣಗಿದ ಮೇಲೆ ಅಗಸೆ ಎಣ್ಣೆ ಸವರಿದಾಗ ನೆಲ ಸಂಜೆಯ ಬಿಸಿಲು ಬಿದ್ದಂತೆ ಕೆಂಪಾಗಿ ಬೆಳಗಿತು. ಆ ವಾಸನೆಗೆ ಎರಡು ಮನೆ ಆಚೆಯವರೂ ಕಿಟಕಿ ಮುಚ್ಚಿದರು. ಕಾಕಾ ಮಾತ್ರ ಅದನ್ನು ಇತಿಹಾಸದ ವಾಸನೆ ಎಂದು ಕರೆದರು.

ನೋಡಲು ಬರುವವರು ಹೆಚ್ಚಿದರು. ಮೊದಲು ತ್ರಿವೇಣಿಯವರ ಭಿಶಿ ಚೀಟಿಯ ಗೆಳತಿಯರು ಬಂದರು. “ನೀವು ವಾಡೆಯ ಸೊಸೆ ಅಂತ ಹೇಳಲೇ ಇಲ್ಲವಲ್ಲ!” ಎಂದು ಅವರು ಕೈಹಿಡಿದಾಗ ತ್ರಿವೇಣಿಯವರಿಗೂ ಆ ಎರಡು ಅಂಗಳ ಮಸುಕಾಗಿ ನೆನಪಾಗತೊಡಗಿದವು. ಶುಕ್ರವಾರದ ಹೊತ್ತಿಗೆ ಅಂಗಳಗಳು ನಾಲ್ಕಾಗಿದ್ದವು, ನಡುವೆ ಒಂದು ಕಾರಂಜಿಯೂ ಇತ್ತು. ಎರಡನೆಯ ಮಹಡಿಯ ಇಂದೂತಾಯಿಯವರ ಮಗ ಸುಖೇಶ್ ಪಾದ ಮುಟ್ಟಿ ಹೋದ ಮರುದಿನವೇ ನಾಲ್ಕು ಸಲ ಕೈಕೊಟ್ಟಿದ್ದ ಅಕೌಂಟೆನ್ಸಿ ಪೇಪರು ಪಾಸಾದ. ಆ ಪೇಪರು ಬರೆದದ್ದು ಮಾರ್ಚಿನಲ್ಲಿ ಎಂಬುದನ್ನು ಯಾರೂ ಲೆಕ್ಕಿಸಲಿಲ್ಲ. ಹೂ ಬಂತು, ಕುಂಕುಮ ಬಂತು, ಊದಿನಕಡ್ಡಿ ಬಂತು. ೩೦೪ರ ಬಾಗಿಲ ಮುಂದೆ ಚಪ್ಪಲಿಗಳು ಮೆಟ್ಟಿಲ ತನಕ ಹಬ್ಬಿದವು.

ವಾಘಮೋಡೆ ನೋಟೀಸು ಅಂಟಿಸಿದರು: ವಸತಿ ಫ್ಲ್ಯಾಟಿನಲ್ಲಿ ಅನುಮತಿಯಿಲ್ಲದೆ ಧಾರ್ಮಿಕ ಸ್ಥಳ ನಡೆಸಬಾರದು. ನೋಟೀಸು ಅಂಟಿಸಿ, ಒಳಗೆ ಬಂದು, ಕೈಮುಗಿದು ಹೋದರು.

ಯಾರೋ ಅರ್ಜಿ ಕೊಟ್ಟದ್ದರಿಂದ ಪಾಲಿಕೆಯವರೊಬ್ಬರು ಟೇಪು ಹಿಡಿದು ಬಂದರು.

“ಯಾವ ದೇವರು?”

“ದೇವರಲ್ಲ ಸಾಹೇಬ. ನಮ್ಮ ಅಜ್ಜ,” ಎಂದರು ಅಪ್ಪಾಸಾಹೇಬರು.

“ಅಜ್ಜನ ಕಟ್ಟೆ ಎಷ್ಟು ಎತ್ತರ?”

“ಕಟ್ಟೆಯಿಲ್ಲ. ಅಜ್ಜ ಕೆಳಗೇ ಇದ್ದಾರೆ.”

ಅವರು ಪಾದಕ್ಕೆ ಟೇಪು ಹಿಡಿದು ‘ಐದು ಇಂಚು, ನೆಲದೊಳಗೆ’ ಎಂದು ಬರೆದುಕೊಂಡರು. ನೆಲದ ಮೇಲೆ ಕಟ್ಟಿದ ಬಾಂಧಕಾಮಕ್ಕೆ ಫಾರ್ಮು ಇದೆ, ನೆಲದೊಳಗಿನದಕ್ಕೆ ಇಲ್ಲ, ವಿಚಾರಿಸಿ ತಿಳಿಸುತ್ತೇನೆ ಎಂದು ಹೋದರು.

ಈ ಹೊತ್ತಿಗೆ ಅಪ್ಪಾಸಾಹೇಬರು ಬಹಳ ಬದಲಾಗಿದ್ದರು. ನಡೆಯುವಾಗ ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ಕಚೇರಿಯಲ್ಲಿ ಯಾರಾದರೂ ಫೈಲು ಕೇಳಿದರೆ ದೂರಕ್ಕೆ ನೋಡಿ “ನಮ್ಮ ಕಾಲದಲ್ಲಿ” ಎನ್ನುತ್ತಿದ್ದರು. ಲಿಮಯೆ ಕಾಕಾ ಪಾದದ ವಿಡಿಯೋ ಮಾಡಿ, ಹಿನ್ನೆಲೆಯಲ್ಲಿ ಸನಾದಿ ಹಾಕಿ, ತಮಗೆ ಗೊತ್ತಿದ್ದ ಹದಿನಾಲ್ಕು ಗುಂಪುಗಳಿಗೆ ಕಳಿಸಿದರು. ವಿಡಿಯೋ ಎರಡು ದಿನದಲ್ಲಿ ಅಥಣಿ ಮುಟ್ಟಿತು. ಮೂರನೆಯ ದಿನ ಊರಿನಿಂದ ಅಪ್ಪಾಸಾಹೇಬರ ಅಕ್ಕ ನಾಗವ್ವ ಬಂದಿಳಿದಳು.

ಅರವತ್ತು ದಾಟಿದ ನಾಗವ್ವ ಸಿದರಾಯ ಮುತ್ಯಾನ ತೊಡೆಯ ಮೇಲೆ ಬೆಳೆದವಳು. ಮುತ್ಯಾ ಹಾಸಿಗೆ ಹಿಡಿದ ಮೇಲೆ ದಿನಾ ಸಂಜೆ ಅವನ ಕಾಲಿಗೆ ಎಣ್ಣೆ ತಿಕ್ಕಿದವಳೂ ಅವಳೇ. ಅವಳು ಬರುವಾಗ ತೆಂಗಿನಕಾಯಿ, ಅಕ್ಕಿ, ಉತ್ತತ್ತಿ, ಒಂದು ಹೊಸ ಕುಪ್ಪಸದ ಖಣ ಎಲ್ಲ ತಂದಿದ್ದಳು. ಬಾಗಿಲಲ್ಲಿ ಲಿಮಯೆ ಕಾಕಾ, ವಾಘಮೋಡೆ, ಇಂದೂತಾಯಿ ಎಲ್ಲರೂ ಎದ್ದುನಿಂತು ದಾರಿಬಿಟ್ಟರು. ಎಣ್ಣೆಯ ಎರಡನೆಯ ಕೈ ಸವರಲು ಬಂದಿದ್ದ ಹುಸೇನಪ್ಪ, ಸಾಬವ್ವ ಗೋಡೆಗೆ ಸರಿದು ನಿಂತರು.

“ಯಪ್ಪಾ, ನನಗ ಯಾರೂ ಹೇಳಲೇ ಇಲ್ಲಲ್ಲೋ ಅಪ್ಪಾಸಾ!” ಎಂದಳು ನಾಗವ್ವ, ಕಣ್ಣೊರೆಸಿಕೊಳ್ಳುತ್ತ. “ನಮ್ಮ ಮನ್ಯಾಗ ಫರಸಿ ಎಲ್ಲಿತ್ತು, ನಾ ಎಂದೂ ಕಂಡಿಲ್ಲ.”

“ಅದು... ಹೆಂಡಿ ಕೆಳಗ ಇತ್ತಕ್ಕಾ,” ಎಂದರು ಅಪ್ಪಾಸಾಹೇಬರು. ಬೇರೆ ದಾರಿಯಿರಲಿಲ್ಲ.

ನಾಗವ್ವ ನೆಲಕ್ಕೆ ಕುಳಿತು, ಒಂದು ತಂಬಿಗೆ ನೀರು ತರಿಸಿ ಪಾದ ತೊಳೆದಳು. ಎರಡು ವಾರದ ಕುಂಕುಮ ಹರಿದುಹೋಯಿತು. ಸಾಬವ್ವನ ಕೈಗೆ ಸಿಗದೆ ಅಂಚಿನಲ್ಲಿ ಉಳಿದಿದ್ದ ಸುಣ್ಣದ ಚೂರೂ ಕಿತ್ತುಬಂತು. ಮುತ್ಯಾನ ಕಾಲು ತಿಕ್ಕುತ್ತಿದ್ದ ಹಳೆಯ ರೂಢಿಯಂತೆ ಅವಳು ಒಂದೊಂದೇ ಬೆರಳಿನ ಮೇಲೆ ಕೈಯಾಡಿಸಿದಳು. ಕೈ ನಿಂತಿತು. ಮತ್ತೆ ಮೊದಲಿನಿಂದ ಆಡಿಸಿದಳು.

“ಒಂದ. ಎಲ್ಡ. ಮೂರ. ನಾಕ. ಐದ.” ಆಮೇಲೆ ಬಹಳ ಮೆಲ್ಲಗೆ, “ಆರ.”

ಎಲ್ಲರೂ ಬಗ್ಗಿದರು. ಕಿರುಬೆರಳಿನ ಪಕ್ಕದಲ್ಲಿ, ಸುಣ್ಣ ಬಿಟ್ಟ ಜಾಗದಲ್ಲಿ, ಇನ್ನೂ ಕಿರಿದಾದ ಒಂದು ಬೆರಳಿತ್ತು. ಎರಡು ವಾರ ಅಷ್ಟು ಜನ ಕೈಮುಗಿದರೂ ಯಾರೂ ಎಣಿಸಿರಲಿಲ್ಲ. ದೊಡ್ಡವರ ಪಾದವನ್ನು ಹಾಗೆ ಎಣಿಸುವ ಪದ್ಧತಿಯಿಲ್ಲ.

“ನಮ್ಮ ಮನಿತನದಾಗ ಆರ ಬಟ್ಟಿನಾವ್ರು ಯಾರೂ ಇಲ್ಲ,” ಎಂದಳು ನಾಗವ್ವ.

“ಇರಬಹುದಕ್ಕಾ, ಸಣ್ಣಾವರಿದ್ದಾಗ ಇದ್ದು ಆಮೇಲೆ...”

“ಆಮೇಲೆ ಉದರತೈತೇನೋ? ಅದೇನ ಹಾಲಹಲ್ಲ?” ನಾಗವ್ವನ ದನಿ ಏರಿತು. “ಊರಾಗ ಆರ ಬಟ್ಟ ಇರೂದು ಒಂದ ಮನಿಯಾಗ. ಮ್ಯಾಲಿನ ಗೌಡರ ಮನಿಯಾಗ!”

ಕನ್ನಡ ಬಾರದ ಲಿಮಯೆ ಕಾಕಾ “ಕಾಯ ಝಾಲಂ? ಏನಂದರು?” ಎಂದು ತ್ರಿವೇಣಿಯವರನ್ನು ಕೇಳಿದರು.

“ಊರಿನ ಕ್ಷೇಮಸಮಾಚಾರ,” ಎಂದರು ತ್ರಿವೇಣಿ.

“ಮುತ್ಯಾನ ಅವ್ವ ಗಂಗವ್ವ ಗೌಡರ ಹೊಲಕ್ಕ ಕಳೆ ತಗ್ಯಾಕ ಹೋಗತಿದ್ದಳು, ಹೌದು,” ಎಂದು ನಾಗವ್ವ ಎದ್ದುನಿಂತಳು. “ಕಳೆ ತಗ್ಯಾಕ ಅಷ್ಟ! ಅಂಥಾ ಗಂಗವ್ವನ ಮ್ಯಾಲೆ ನೂರ ವರ್ಷ ಆದಮ್ಯಾಲ ನೀ ಹಿಂಥಾ ಮಾತ ತರತಿ? ವಿಡಿಯೋ ತಗದ ಊರಿಗೆಲ್ಲಾ ಕಳಿಸಿ? ನಾಳೆ ಗೌಡರ ಮೊಮ್ಮಗ ನನಗ ಬಾ ಅತ್ತಿ ಅಂದ್ರ ಏನ ಅನಬೇಕೋ ನಾ?”

ಇತ್ತ ಲಿಮಯೆ ಕಾಕಾ ತಾವೇ ಬೆರಳೆಣಿಸಿ ಮುಗಿಸಿದ್ದರು. ಅವರ ಕಣ್ಣುಗಳು ಅರಳಿದವು. “ಸಹಾ! ಆರು ಬೆರಳು! ಅಪ್ಪಾಸಾಹೇಬ, ಇದು ಮಹಾಪುರುಷರ ಲಕ್ಷಣ! ವಾಘಮೋಡೆ, ಹತ್ತಿರದಿಂದ ಫೋಟೋ ತೆಗೆಯಿರಿ!”

ವಾಘಮೋಡೆ ಮಂಡಿಯೂರಿ ಫೋನು ಹಿಡಿದರು. ನಾಗವ್ವ ಚೀಲ ಎತ್ತಿಕೊಂಡಳು.

“ಮಹಾಪುರುಷನ್ನ ನೀವ ಇಟಗೋರಿ. ಗಂಗವ್ವನ ಹೆಸರ ಕೆಡಿಸಿದ ಮನಿಯಾಗ ನಾ ನೀರ ಕುಡಿಯಂಗಿಲ್ಲ. ತಮ್ಮಾ, ನಿನಗ ಅಕ್ಕ ಇಲ್ಲ ಅಂತ ತಿಳಕೊ.”

ಅಪ್ಪಾಸಾಹೇಬರು ಒಂದು ಕಡೆ ಫೋನನ್ನೂ ಇನ್ನೊಂದು ಕಡೆ ಬಾಗಿಲು ದಾಟುತ್ತಿದ್ದ ಅಕ್ಕನ ಬೆನ್ನನ್ನೂ ನೋಡಿದರು. ತಾಯಿ ತೀರಿಕೊಂಡ ವರ್ಷ ಅವರಿಗೆ ಏಳು ವರ್ಷ. ತಲೆ ಬಾಚಿ ಶಾಲೆಗೆ ಕಳಿಸಿದ್ದು ಆ ಅಕ್ಕನೇ. ಅವರು ಹೊಸ್ತಿಲಿಗೆ ಅಡ್ಡವಾಗಿ ಓಡಿ ನಿಂತರು.

“ಅಕ್ಕಾ, ಅದು ಮುತ್ಯಾಂದಲ್ಲ! ಫರಸಿ ನಮ್ಮದಲ್ಲ, ಕಾಲೂ ನಮ್ಮದಲ್ಲ! ಅಂಗಡಿಯಾಗ ಕೊಂಡ ತಂದೀನಿ!”

ಕನ್ನಡದಲ್ಲಿ ಹೇಳಿದ್ದು ಸಾಲದೆಂದು ಹಿಂತಿರುಗಿ ಮರಾಠಿಯಲ್ಲೂ ಹೇಳಿದರು: “ಮೀ ವಿಕತ ಆಣಲಂಯ. ಕೊಂಡು ತಂದದ್ದು. ವಾಡೆ ಇಲ್ಲ. ಅಂಗಳ ಇಲ್ಲ.”

“ಕಾರಂಜಿ?” ಎಂದರು ಇಂದೂತಾಯಿ.

“ಅದೂ ಇಲ್ಲ,” ಎಂದರು ತ್ರಿವೇಣಿ, ನಿಟ್ಟುಸಿರಿಟ್ಟು.

ಲಿಮಯೆ ಕಾಕಾರ ಬಾಯಿ ತೆರೆದೇ ಇತ್ತು. “ಹಾಗಾದರೆ ಎರಡು ವಾರ ನಾನು ಕೈಮುಗಿದದ್ದು ಯಾರ ಕಾಲಿಗೆ?”

ಎಲ್ಲರೂ ಗೋಡೆಗೆ ನಿಂತಿದ್ದ ಗೌಂಡಿಯ ಕಡೆ ನೋಡಿದರು. ಹುಸೇನಪ್ಪ ಹೆಂಡತಿಯ ಕಡೆ ನೋಡಿದ.

“ಯಾರೋ ಭಟ್ಟಿ ಕೂಲಿಯವರ ಕೂಸಿಂದಿರಬೇಕ್ರಿ,” ಎಂದಳು ಸಾಬವ್ವ, ಇಪ್ಪತ್ತು ವರ್ಷದಲ್ಲಿ ಕಲಿತ ಮರಾಠಿಯಲ್ಲಿ, ಎಲ್ಲರಿಗೂ ತಿಳಿಯುವಂತೆ. “ಹಸಿ ಫರಸಿ ಬಿಸಿಲಿಗೆ ಸಾಲಾಗಿ ಹಾಕಿರುತ್ತಾರೆ. ತಾಯಿ ಮಣ್ಣು ತುಳಿಯುವಾಗ ಕೂಸು ತಪ್ಪಿಸಿಕೊಂಡು ಓಡಿರುತ್ತದೆ. ನಮ್ಮ ಮಗ ಬಾಬೂನೂ ಸಣ್ಣವನಿದ್ದಾಗ ಇಟ್ಟಿಗೆ ಭಟ್ಟಿಯಲ್ಲಿ ಐವತ್ತು ಇಟ್ಟಿಗೆ ತುಳಿದಿದ್ದ. ಕೂಲಿಯವರ ಮೇಸ್ತ್ರಿ ಮುಕಾದಮ ಬೈದದ್ದು ಬೈದದ್ದೇ.”

ಕೂಲಿಯವರ ಕೂಸು ಎಂಬ ಮಾತು ಹಾಲ್‌ನಲ್ಲಿ ಒಂದು ಸುತ್ತು ಹಾಕಿತು. ವಾಘಮೋಡೆ ಫೋನು ಜೇಬಿಗಿಟ್ಟು ಮಂಡಿಯ ಧೂಳು ಕೊಡವಿದರು. ತನ್ನ ಮಗ ಓದಿಯೇ ಪಾಸಾದದ್ದು ಎಂದು ಇಂದೂತಾಯಿ ಎರಡು ಸಲ ಹೇಳಿದರು. ಲಿಮಯೆ ಕಾಕಾ ಚಪ್ಪಲಿ ಹುಡುಕಿಕೊಂಡು, ಹುಡುಕಿದ್ದನ್ನು ಕೈಯಲ್ಲೇ ಹಿಡಿದುಕೊಂಡು ಎದುರು ಬಾಗಿಲು ಸೇರಿದರು. ನಾಲ್ಕು ನಿಮಿಷದಲ್ಲಿ ೩೦೪ ಖಾಲಿಯಾಯಿತು.

ಉಳಿದದ್ದು ನಾಗವ್ವ. ಅವಳು ಹೊಸ್ತಿಲಲ್ಲಿ ನಿಂತು ತಮ್ಮನನ್ನೇ ನೋಡುತ್ತಿದ್ದಳು. ಅಪ್ಪಾಸಾಹೇಬರು ಏಟು ಬೀಳುತ್ತದೆಂದು ತಲೆ ತಗ್ಗಿಸಿದರು. ಆದರೆ ನಾಗವ್ವನ ಹೊಟ್ಟೆ ಕುಣಿಯತೊಡಗಿತು. ನಗು ಒಮ್ಮೆ ಶುರುವಾದದ್ದು ಅವಳನ್ನು ಹೊಸ್ತಿಲ ಮೇಲೇ ಕೂರಿಸಿತು.

“ಬದಕಿದಿ ಗಂಗವ್ವಾ!” ಎಂದಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. “ಹೆಂಡಿ ಕೆಳಗ ಇತ್ತಂತ! ಹುಚ್ಚಪ್ಪ!”

ನಕ್ಕು ಮುಗಿದ ಮೇಲೆ ಚೀಲ ಬಿಚ್ಚಿದಳು. ಹಿರಿಯರಿಗೆಂದು ತಂದದ್ದನ್ನು ಹೊಳ್ಳಿ ಊರಿಗೆ ಒಯ್ಯಬಾರದು. ಅವಳು ಸುತ್ತ ನೋಡಿ ಸಾಬವ್ವನನ್ನು ಕರೆದಳು.

“ಬಾ ತಂಗಿ, ಕೂಡ. ನಿನಗ ಉಡಿ ತುಂಬತೀನಿ.”

ಸಾಬವ್ವ ಹಿಂದೆ ಸರಿದಳು. “ಬ್ಯಾಡ್ರಿ ಯಕ್ಕಾ. ಕೈಯೆಲ್ಲಾ ಎಣ್ಣಿ ಆಗ್ಯಾವು.”

“ಉಡಿ ಸೆರಗಿನಾಗ ತುಂಬತಾರ, ಕೈಯಾಗಲ್ಲ. ಕೂಡ.”

ತ್ರಿವೇಣಿ ಅರಿಶಿನ ಕುಂಕುಮ ತಂದರು. ಸಾಬವ್ವ ತಾನೇ ಕೆರೆದು ತೊಳೆದ ಫರಸಿಗಳ ಮೇಲೆ ಮೊದಲ ಸಲ ಕುಳಿತಳು. ಅವಳ ಉಡಿಯಲ್ಲಿ ಅಕ್ಕಿ, ಉತ್ತತ್ತಿ, ತೆಂಗಿನಕಾಯಿ, ಖಣ ಎಲ್ಲ ತುಂಬಿದವು. ಹುಸೇನಪ್ಪ ಗೋಡೆಯ ಕಡೆ ತಿರುಗಿ ಇಲ್ಲದ ಬಿರುಕೊಂದನ್ನು ಬಹಳ ಹೊತ್ತು ಪರೀಕ್ಷಿಸಿದ.

ಪಾದದ ಫರಸಿ ಇದ್ದಲ್ಲೇ ಉಳಿಯಿತು, ಹೂವಿಲ್ಲದೆ. ಸೊಸೈಟಿ ಮಾತ್ರ ಅಪ್ಪಾಸಾಹೇಬರ ಜೊತೆ ಮಾತು ಬಿಟ್ಟಿತು. ಸುಳ್ಳು ಹೇಳಿದ್ದಕ್ಕಲ್ಲ, ಒಪ್ಪಿಕೊಂಡದ್ದಕ್ಕೆ. ಸುಳ್ಳನ್ನು ಎಲ್ಲರೂ ಸೇರಿ ಅಷ್ಟು ಚೆನ್ನಾಗಿ ನಡೆಸುತ್ತಿರುವಾಗ ಒಬ್ಬನೇ ಎದ್ದುಹೋದಂತಾಗಿತ್ತು ಅದು.

ಜೂನ್ ಕೊನೆಯ ಒಂದು ಬೆಳಿಗ್ಗೆ ಬಾಗಿಲು ಬಡಿದವರು ಲಿಮಯೆ ಕಾಕಾ. ಅತ್ತಿತ್ತ ನೋಡಿ ಒಳಗೆ ಬಂದು ಪಿಸುಗುಟ್ಟಿದರು: “ನಮ್ಮ ಮನೆಯ ಟೈಲ್ಸೂ ಸ್ವಲ್ಪ ಸದ್ದು ಮಾಡುತ್ತಿವೆ. ಆ ಅಂಗಡಿ ಎಲ್ಲಿದೆ ಅಂದಿರಿ?”

ಇಬ್ಬರೂ ಸ್ಕೂಟರಿನಲ್ಲಿ ಹೋದರು. ಕಾಕಾ ಅಂಗಡಿಯೊಳಗೂ ಹೆಲ್ಮೆಟ್ ತೆಗೆಯಲಿಲ್ಲ. ಒಂದೊಂದೇ ಫರಸಿಯನ್ನು ಎರಡೂ ಬದಿ ತಿರುಗಿಸಿ, ಕೂಸಿನದಾಗಲಿ ನಾಯಿಯದಾಗಲಿ ಕೋಳಿಯದಾಗಲಿ ಹೆಜ್ಜೆಯಿಲ್ಲವೆಂದು ಖಾತ್ರಿ ಮಾಡಿಕೊಂಡೇ ಆರಿಸಿದರು. ಹುಸೇನಪ್ಪನೇ ಕೂರಿಸಿದ.

ನೆಲ ಸಿದ್ಧವಾದ ಮೇಲೆ ಕಾಕಾ ನೆಂಟರನ್ನೂ ಸೊಸೈಟಿಯವರನ್ನೂ ಊಟಕ್ಕೆ ಕರೆದರು. ಎಲ್ಲರೂ ಹೊಗಳಿದರು. ಎಲ್ಲಿಯದು ಎಂದು ಯಾರೋ ಕೇಳಿದಾಗ ಕಾಕಾ ಮೀಸೆ ತಿರುವಿದರು.

“ಕೊಂಕಣದ ನಮ್ಮ ಹಿರಿಯರ ಮನೆಯದು.”

“ಆದರೆ ಕಾಕಾ,” ಎಂದ ಅವರ ಅಣ್ಣನ ಮಗ, ಶ್ರೀಖಂಡದಿಂದ ತಲೆಯೆತ್ತಿ, “ಆ ಮನೆಯದು ಮಣ್ಣಿನ ನೆಲವಲ್ಲವೆ? ಅದೂ ಮಾರಿ ನಲವತ್ತು ವರ್ಷವಾಯಿತು.”

ಚಮಚಗಳು ನಿಂತವು. ಕಾಕಾರ ಮೀಸೆಯ ಮೇಲಿದ್ದ ಕೈ ಅಲ್ಲೇ ಉಳಿಯಿತು. ಬಾಗಿಲಲ್ಲಿ ಚಹಾ ಕುಡಿಯುತ್ತಿದ್ದ ಹುಸೇನಪ್ಪ ಕಪ್ಪಿನೊಳಗೆ ಮುಖ ಮರೆಸಿಕೊಂಡ. ಕಾಕಾ ನಿಧಾನವಾಗಿ ತಿರುಗಿ, ಮೂಲೆಯಲ್ಲಿ ಒಬ್ಬರೇ ಕುಳಿತಿದ್ದ ಅಪ್ಪಾಸಾಹೇಬರನ್ನು ನೋಡಿದರು. ಆ ನೋಟದಲ್ಲಿ ಮನೆತನ ಎಳ್ಳಷ್ಟೂ ಇರಲಿಲ್ಲ.

ಅಪ್ಪಾಸಾಹೇಬರು ಬಾಯಿ ಒರೆಸಿಕೊಂಡರು.

“ಟೆಂಪೋ ಬಂದಾಗ ನಾನೇ ಇದ್ದೆ,” ಎಂದರು ಗಂಭೀರವಾಗಿ. “ಮುನ್ನೂರ ಹತ್ತು ಫರಸಿ. ಕೊಂಕಣದ ಆ ಕೆಂಪು ಧೂಳು ನನ್ನ ಅಂಗಿಯಿಂದ ಇನ್ನೂ ಹೋಗಿಲ್ಲ.”

ಚಮಚಗಳು ಮತ್ತೆ ಚಲಿಸಿದವು. ವಾಘಮೋಡೆ ತಮ್ಮ ಪಕ್ಕದ ಕುರ್ಚಿ ಎಳೆದು ಅಪ್ಪಾಸಾಹೇಬರನ್ನು ಕರೆದರು. ಲಿಮಯೆ ಕಾಕಾ ಸ್ವತಃ ಬಂದು ಅವರ ಬಟ್ಟಲಿಗೆ ಎರಡನೆಯ ಸಲ ಶ್ರೀಖಂಡ ಬಡಿಸಿದರು. ಮೂರನೆಯ ಸಲವೂ ಬಡಿಸಿದರು.

ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ತ್ರಿವೇಣಿ ಗಂಡನ ಕಡೆ ತಿರುಗಿದರು. “ಏನ್ರಿ, ಮತ್ತ ಸುಳ್ಳ ಹೇಳಿದ್ರಿ?”

“ಸುಳ್ಳ ಅವರದು,” ಎಂದರು ಅಪ್ಪಾಸಾಹೇಬರು, ಅಂಗಿ ಬಿಚ್ಚಿ ಗೂಟಕ್ಕೆ ಹಾಕುತ್ತ. “ನಾ ಬರೇ ಟೆಂಪೋದಿಂದ ಇಳಿಸಿಕೊಂಡೆ.”